ಓದುಗರ ಪ್ರಶ್ನೆ: ಮಾದಕ ವ್ಯಸನಕ್ಕೆ ದೇಶದ ಕಾರ್ಯನೀತಿ ಹೇಗಿರಬೇಕು?

ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಆಸುಪಾಸಿನಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸೇರಿದ್ದರಿಂದ ಈ ಸಂಚಿಕೆಯ ಪುಟಗಳನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು, ಅವರು ಕೋರಿರದಿದ್ದರೂ, ಕೈಬಿಟ್ಟಿದ್ದೇನೆ. ಕೆಲವು ದೇಶದ ನೀತಿಯ ಬಗೆಗಿನ ಪ್ರಶ್ನೆಗಳು, ಕೆಲವು ಮನೆಯೊಳಗಿನ ಸಂಕಟಗಳು. ಎರಡನ್ನೂ ಬೇರೆ ಬೇರೆ ಮಾಡಿ ಉತ್ತರಿಸಲು ನನಗೆ ಸಾಧ್ಯವಾಗಲಿಲ್ಲ. ತುಮಕೂರಿನ ತಾಯಿಯೊಬ್ಬರ ಪತ್ರಕ್ಕೆ ಉತ್ತರ ತಡವಾಗಬಾರದಾದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನನ್ನ ಮಗನಿಗೆ 20 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ತಿಂಗಳು ಗೆಳೆಯರ ಜೊತೆ ಗಾಂಜಾ ಸೇದುವಾಗ ಪೊಲೀಸರು ಹಿಡಿದು, ಮೂತ್ರ ಪರೀಕ್ಷೆ ಮಾಡಿಸಿ ಕೇಸು ಹಾಕಿದ್ದಾರೆ. ಎರಡು ವರ್ಷದಿಂದ ಸೇದುತ್ತಿದ್ದೇನೆ, ಬಿಡಲು ಆಗುತ್ತಿಲ್ಲ ಎಂದು ಈಗ ಅವನೇ ಅತ್ತು ಹೇಳಿದ್ದಾನೆ. ಆಸ್ಪತ್ರೆಗೆ ಹೋದರೆ ಅದೇ ಕೇಸಿಗೆ ಸಾಕ್ಷಿಯಾಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡಲಿ? (ಗೃಹಿಣಿ, ತುಮಕೂರು)

ನೆಂಟರ ಮಾತಿಗೆ ಹೆದರಿ ಚಿಕಿತ್ಸೆಯನ್ನು ಮುಂದೂಡಬೇಡಿ. ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ, ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಕಾಯ್ದೆ ಕಠಿಣವಾದದ್ದು ನಿಜವಾದರೂ ವ್ಯಸನಿಗೆಂದೇ ಅದರಲ್ಲಿ ಎರಡು ಬಾಗಿಲುಗಳನ್ನು ತೆರೆದಿಡಲಾಗಿದೆ. ಸೇವನೆಯ ಆರೋಪವನ್ನೋ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪವನ್ನೋ ಹೊತ್ತ ವ್ಯಸನಿಯು ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಆ ಆರೋಪದ ಮೇಲೆ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎನ್ನುತ್ತದೆ ಸೆಕ್ಷನ್ 64ಎ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಲು ಅವಕಾಶವಿರುವುದರಿಂದ ಅದನ್ನು ಪೂರ್ಣಗೊಳಿಸುವುದು ಮುಖ್ಯ. ಇನ್ನು ಸೆಕ್ಷನ್ 39ರ ಪ್ರಕಾರ, ಅಪರಾಧ ಸಾಬೀತಾದ ಮೇಲೂ ನ್ಯಾಯಾಲಯವು ವ್ಯಸನಿಯ ಒಪ್ಪಿಗೆ ಪಡೆದು ಅವನನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಗಾಂಜಾದ ವಿಷಯದಲ್ಲಿ ಅಲ್ಪ ಪ್ರಮಾಣವೆಂದರೆ 1 ಕಿಲೋ ವರೆಗಿನದು. ವಕೀಲರಿಗೆ ಹಣ ಹೊಂದಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಾದಕ ವ್ಯಸನಕ್ಕೆ ಒಳಗಾದವರ ನೆರವಿಗೆಂದೇ 2015ರಿಂದ ಅಲ್ಲಿ ಒಂದು ಯೋಜನೆ ಇದೆ. ಈ ಎರಡು ಸೆಕ್ಷನ್‌ಗಳ ಹೆಸರನ್ನು ನೀವೇ ಬಾಯಿಬಿಟ್ಟು ಹೇಳಿ, ಏಕೆಂದರೆ ಇವುಗಳನ್ನು ಬಳಸಿಕೊಳ್ಳುವವರು ಬಹಳ ಕಡಿಮೆ. ವೈದ್ಯರ ಮುಂದೆ ಅವನು ಹೇಳುವ ಮಾತಿನ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕಾಪಾಡುತ್ತದೆ. ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳು ಅದಕ್ಕೆ ಹೊರತು.

ಗಾಂಜಾ ಬಿಡಿಸಲು ಇಂಥದೇ ಮಾತ್ರೆ ಎಂಬುದಿಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಬಿಟ್ಟ ಮೊದಲ ವಾರದಲ್ಲಿ ನಿದ್ದೆಗೇಡು, ಸಿಡುಕು, ಊಟ ಸೇರದಿರುವುದು ಸಾಮಾನ್ಯ. ಆಗ ಅವನ ಮಾತಿಗೆ ಮಾತು ಬೆಳೆಸಬೇಡಿ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದೋ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದೆ ಎಂದೋ ಹೇಳಿದರೆ ಮಾತ್ರ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಅಂಗಡಿಯಿಂದ ಪರೀಕ್ಷೆಯ ಕಿಟ್ ತಂದು ವಾರವಾರವೂ ಪರೀಕ್ಷಿಸುವ ಯೋಚನೆ ಇದ್ದರೆ ಬಿಡಿ. ನಿತ್ಯ ಸೇದುತ್ತಿದ್ದವರ ಮೂತ್ರದಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಉಳಿಯುವುದರಿಂದ, ನಿಜವಾಗಿ ಬಿಟ್ಟಿರುವ ಹುಡುಗನನ್ನೂ ಆ ಕಿಟ್ ಸುಳ್ಳನೆಂದು ತೋರಿಸಬಹುದು.

ಇಷ್ಟು ಕಿಲೋ ಗಾಂಜಾ ವಶ, ಇಷ್ಟು ಕೋಟಿ ರೂಪಾಯಿಯ ಮಾಲು ನಾಶ ಎಂದು ದಿನವೂ ಓದುತ್ತೇವೆ. ಆದರೂ ನಮ್ಮ ಊರಿನ ಹುಡುಗರ ಕೈಗೆ ಅದು ಸಿಗುವುದು ನಿಂತಿಲ್ಲ. ದೇಶಕ್ಕೆ ಈ ವಿಷಯದಲ್ಲಿ ಒಂದು ಕಾರ್ಯನೀತಿ ಇದೆಯೇ? ಇದ್ದರೆ ಅದರಲ್ಲಿ ಏನು ಕೊರತೆ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಇದೆ, ಆದರೆ ಅದು ಹಲವು ಇಲಾಖೆಗಳ ಕಪಾಟುಗಳಲ್ಲಿ ಹಂಚಿಹೋಗಿದೆ. ಎನ್‌ಡಿಪಿಎಸ್ ಕಾಯ್ದೆಯ ಆಡಳಿತ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯದು. 1986ರಲ್ಲಿ ಆರಂಭವಾದ ಮಾದಕ ವಸ್ತು ನಿಯಂತ್ರಣ ಬ್ಯೂರೊ ಗೃಹ ಸಚಿವಾಲಯದ ಅಡಿಯಲ್ಲಿದೆ. ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಕೊಡುವುದು ಸಾಮಾಜಿಕ ನ್ಯಾಯ ಸಚಿವಾಲಯ, ಆಸ್ಪತ್ರೆಯ ಚಿಕಿತ್ಸೆ ಆರೋಗ್ಯ ಇಲಾಖೆಯದು, ಸೂಜಿಯ ಮೂಲಕ ಮಾದಕ ವಸ್ತು ಚುಚ್ಚಿಕೊಳ್ಳುವವರ ಹೊಣೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯದು. ಎಲ್ಲಕ್ಕಿಂತ ಹೆಚ್ಚು ಜನರನ್ನು ಹಿಡಿದಿರುವ ಮದ್ಯವಂತೂ ಈ ಲೆಕ್ಕದಿಂದಲೇ ಹೊರಗುಳಿದು ರಾಜ್ಯಗಳ ಅಬಕಾರಿ ಇಲಾಖೆಯಲ್ಲಿ ಆದಾಯದ ಬಾಬತ್ತಾಗಿ ಕುಳಿತಿದೆ. ಒಬ್ಬನೇ ಮನುಷ್ಯ ಬೆಳಿಗ್ಗೆ ಮಾತ್ರೆ ನುಂಗಿ ಸಂಜೆ ಕುಡಿಯುವಾಗ, ಅವನ ಅರ್ಧ ಕಾಯಿಲೆ ಒಂದು ಇಲಾಖೆಗೂ ಉಳಿದರ್ಧ ಇನ್ನೊಂದಕ್ಕೂ ಸೇರುತ್ತದೆ.

ಸಮಗ್ರವಾದ ಯೋಜನೆಯೊಂದು ಬೇಕೆಂಬ ಒತ್ತಾಯ ಮಕ್ಕಳ ಕಡೆಯಿಂದ ಬಂದದ್ದು ಹಲವರಿಗೆ ನೆನಪಿಲ್ಲ. ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಬಚಪನ್ ಬಚಾವೊ ಆಂದೋಲನ ಎಂಬ ಸಂಘಟನೆಯ ಅರ್ಜಿಯ ಮೇಲೆ 2016ರ ಡಿಸೆಂಬರ್ 14ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಆರು ತಿಂಗಳೊಳಗೆ ರಾಷ್ಟ್ರೀಯ ಸಮೀಕ್ಷೆಯನ್ನು ಮುಗಿಸಬೇಕು, ನಾಲ್ಕು ತಿಂಗಳೊಳಗೆ ರಾಷ್ಟ್ರೀಯ ಯೋಜನೆಯನ್ನು ರೂಪಿಸಬೇಕು ಎಂದು ಕೇಂದ್ರಕ್ಕೆ ನಿರ್ದೇಶನ ನೀಡಿತು. ಆ ಬಳಿಕ, ಬೇಡಿಕೆಯನ್ನು ತಗ್ಗಿಸುವ ಉದ್ದೇಶದ ರಾಷ್ಟ್ರೀಯ ಕ್ರಿಯಾಯೋಜನೆಯೊಂದು 2018ರಿಂದ 2025ರ ಅವಧಿಗೆ ಸಿದ್ಧವಾಯಿತು. ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿದ ಸಮೀಕ್ಷೆಯ ವರದಿ 2019ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಹೆಚ್ಚು ಅಪಾಯವಿದೆಯೆಂದು ಗುರುತಿಸಿದ 272 ಜಿಲ್ಲೆಗಳಲ್ಲಿ 2020ರ ಆಗಸ್ಟ್ 15ರಂದು ನಶಾಮುಕ್ತ ಭಾರತ ಅಭಿಯಾನ ಆರಂಭವಾಗಿ, ಅನಂತರ ಎಲ್ಲ ಜಿಲ್ಲೆಗಳಿಗೂ ಹರಡಿತು.

ಆ ಸಮೀಕ್ಷೆಯನ್ನು ನೀವು ಒಮ್ಮೆಯಾದರೂ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ಲಕ್ಷ ಮನೆಗಳ ಬಾಗಿಲು ತಟ್ಟಿ, ನಾಲ್ಕೂಮುಕ್ಕಾಲು ಲಕ್ಷದಷ್ಟು ಜನರನ್ನು ಮಾತನಾಡಿಸಿ ಮಾಡಿದ ಕೆಲಸ ಅದು. 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಮಂದಿಗೆ ಅದು ಕಾಯಿಲೆಯ ಮಟ್ಟಕ್ಕೆ ಹೋಗಿದೆ. ಗಾಂಜಾ, ಚರಸ್, ಭಂಗಿ ಸೇರಿದಂತೆ ಸೆಣಬಿನ ಜಾತಿಯ ಮಾದಕಗಳನ್ನು ಬಳಸುವವರು 3.1 ಕೋಟಿ. ಅಫೀಮು, ಹೆರಾಯಿನ್ ಮತ್ತು ಅದೇ ಗುಂಪಿನ ನೋವಿನ ಮಾತ್ರೆಗಳನ್ನು ಬಳಸುವವರು 2.26 ಕೋಟಿ, ಅವರಲ್ಲಿ ನೆರವು ಬೇಕಾದವರು 77 ಲಕ್ಷ. ಪಂಚರ್ ಸಲ್ಯೂಷನ್, ವೈಟ್ನರ್ ಮೂಸುವ ಚಟಕ್ಕೆ ಸಿಕ್ಕು ಚಿಕಿತ್ಸೆ ಬೇಕಾಗಿರುವ ಮಕ್ಕಳು 4.6 ಲಕ್ಷ. ಈ ಅಂಕಿಗಳಿಗಿಂತಲೂ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಲೆಕ್ಕ: ಮಾದಕ ವಸ್ತುಗಳಿಗೆ ಅಂಟಿಕೊಂಡವರಲ್ಲಿ 20 ಜನಕ್ಕೆ ಒಬ್ಬರಿಗೆ, ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಸಕ್ಕರೆ ಕಾಯಿಲೆಯವರಲ್ಲಿ 20ಕ್ಕೆ 19 ಜನರಿಗೆ ಔಷಧಿಯೇ ಸಿಗದಂತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ ಎಂದು ಯೋಚಿಸಿ ನೋಡಿ.

ಕೊರತೆ ಏನೆಂದು ನೀವು ಕೇಳಿದ್ದೀರಿ. ನಾವು ಯಶಸ್ಸನ್ನು ಅಳೆಯುವ ಅಳತೆಗೋಲಿನಲ್ಲೇ ಕೊರತೆ ಇದೆ ಎಂಬುದು ನನ್ನ ತೀರ್ಮಾನ. ವಶಪಡಿಸಿಕೊಂಡ ಮಾಲಿನ ತೂಕ, ಬಂಧಿತರ ಸಂಖ್ಯೆ, ಪ್ರತಿಜ್ಞೆ ಮಾಡಿದ ವಿದ್ಯಾರ್ಥಿಗಳ ಸಂಖ್ಯೆ ಇವು ಎಣಿಸಲು ಸುಲಭ. ದೊಡ್ಡ ಸಾಗಣೆದಾರರನ್ನು ಹಿಡಿಯುವುದು ಅಗತ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿತಿಮೀರಿದ ಪ್ರಮಾಣದಿಂದ ಸತ್ತವರು ಎಷ್ಟು, ಸೂಜಿಯಿಂದ ಎಚ್‌ಐವಿ ಮತ್ತು ಕಾಮಾಲೆ ಹತ್ತಿಸಿಕೊಂಡವರು ಎಷ್ಟು, ಚಿಕಿತ್ಸೆ ಬೇಕೆಂದು ಬಂದವನು ಎಷ್ಟು ದಿನ ಕಾದ, ಆರು ತಿಂಗಳ ಮೇಲೂ ಆಸ್ಪತ್ರೆಗೆ ಬರುತ್ತಿರುವವರು ಎಷ್ಟು ಎಂಬ ಲೆಕ್ಕಗಳು ಜಿಲ್ಲಾಧಿಕಾರಿಯ ಮಾಸಿಕ ಸಭೆಯ ಮೇಜಿಗೆ ಬಂದ ದಿನ ಕಾರ್ಯನೀತಿ ತನ್ನಿಂತಾನೇ ಬದಲಾಗುತ್ತದೆ. ಯಾವ ಇಲಾಖೆಯೂ ತನ್ನನ್ನು ಕೇಳುವ ಲೆಕ್ಕಕ್ಕೆ ತಕ್ಕಂತೆಯೇ ಕೆಲಸ ಮಾಡುತ್ತದೆ.

ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯುವುದು ಆಗದ ಮಾತೆಂದು ಹೇಳುವವರಿಗೆ ನಾನು ಬಳ್ಳಾರಿಯನ್ನು ನೆನಪಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಬೆಂಗಳೂರಿಗೇ ಬರಬೇಕೆಂಬ ಸ್ಥಿತಿಯನ್ನು ಬದಲಿಸಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ಅದೇ ಮಾದರಿಯ ಮೇಲೆ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ಬಂದು ಕೂರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ಹೊಸ ಕಟ್ಟಡ ಬೇಕಿಲ್ಲ. ಅದೇ ಕೋಣೆಯಲ್ಲಿ ವ್ಯಸನದ ಔಷಧಿಗಳು ತಪ್ಪದೆ ಸಿಗಬೇಕು, ನೋಡಿಕೊಳ್ಳಲು ಒಬ್ಬ ಆಪ್ತಸಮಾಲೋಚಕರು ಇರಬೇಕು, ಬಂದವರನ್ನು ‘ಕುಡುಕ’, ‘ಗಾಂಜಾ ಗಿರಾಕಿ’ ಎಂದು ಕೂಗದ ಸಿಬ್ಬಂದಿ ಇರಬೇಕು.

ಇನ್ನು ಮದ್ಯ. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಇಂದು ಅಬಕಾರಿಯಿಂದ ರಾಜ್ಯಕ್ಕೆ ಬರುವ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿಯನ್ನು ದಾಟಿದೆ. ಅದರಲ್ಲಿ ಇಂತಿಷ್ಟು ಪಾಲನ್ನು ವ್ಯಸನ ಚಿಕಿತ್ಸೆಗೆ ಕಡ್ಡಾಯವಾಗಿ ಎತ್ತಿಡಬೇಕೆಂಬುದನ್ನು ಯಾವ ಪಕ್ಷದ ಸರ್ಕಾರವಾದರೂ ಮಾಡಬಹುದು, ಮಾಡಬೇಕು. ಮದ್ಯವನ್ನು ಬದಿಗಿಟ್ಟು ಬರೆದ ಯಾವ ರಾಷ್ಟ್ರೀಯ ಕಾರ್ಯನೀತಿಯೂ ನಮ್ಮ ಹೆಣ್ಣುಮಕ್ಕಳ ಮನೆಯ ನಿಜವನ್ನು ಮುಟ್ಟಲಾರದು.

ಪಂಜಾಬಿನಲ್ಲಿ ಹೆರಾಯಿನ್ ವ್ಯಸನಿಗಳಿಗೆ ಸರ್ಕಾರವೇ ದಿನಾ ಮಾತ್ರೆ ಕೊಡುತ್ತದೆಯಂತೆ, ಬೇರೆ ಕಡೆ ಸೂಜಿಯನ್ನೂ ಹಂಚುತ್ತಾರಂತೆ. ಇದು ಒಂದು ಚಟ ಬಿಡಿಸಿ ಇನ್ನೊಂದನ್ನು ಹತ್ತಿಸಿದಂತೆ ಆಗುವುದಿಲ್ಲವೇ? (ಬ್ಯಾಂಕ್ ನೌಕರರು, ಬೆಳಗಾವಿ)

ಈ ಅನುಮಾನ ವೈದ್ಯರಲ್ಲೂ ಇತ್ತು. ರೋಗಿಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಕರಗಿತು. ನೀವು ಕೇಳುತ್ತಿರುವ ಮಾತ್ರೆಯ ಹೆಸರು ಬ್ಯುಪ್ರೆನಾರ್ಫಿನ್. ನಾಲಿಗೆಯಡಿ ಇಟ್ಟು ಕರಗಿಸಿಕೊಳ್ಳುವಂಥದು. ಹೆರಾಯಿನ್ ಮಿದುಳಿನ ಯಾವ ಜಾಗವನ್ನು ಹಿಡಿಯುತ್ತದೆಯೋ ಅದೇ ಜಾಗವನ್ನು ಇದು ಹಿಡಿಯುತ್ತದಾದರೂ ಅರ್ಧಕ್ಕೇ ನಿಲ್ಲುತ್ತದೆ. ಒಂದು ಮಿತಿಯ ಮೇಲೆ ಎಷ್ಟು ತೆಗೆದುಕೊಂಡರೂ ಅಮಲು ಏರುವುದಿಲ್ಲ, ಉಸಿರು ನಿಲ್ಲುವ ಅಪಾಯವೂ ಬಹಳ ಕಡಿಮೆ. ಪರಿಣಾಮ ಇಡೀ ದಿನ ಇರುವುದರಿಂದ ಮೈಕೈ ನೋವು, ನಡುಕ, ವಾಂತಿ, ಭೇದಿಗಳ ಕಾಟವಿಲ್ಲದೆ ಅವನು ಕೆಲಸಕ್ಕೆ ಹೋಗಬಲ್ಲ, ದುಡ್ಡಿಗಾಗಿ ಮನೆಯ ಪಾತ್ರೆ ಮಾರಬೇಕಾಗಿಲ್ಲ, ಕತ್ತಲಲ್ಲಿ ಯಾರನ್ನೋ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಂಜಾಬು 2017ರಿಂದ ಇದನ್ನು ಹೊರರೋಗಿ ವಿಭಾಗಗಳಲ್ಲೇ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದೆ.

ಇದರ ಬದಲು ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು ‘ಶುದ್ಧ’ ಮಾಡಿ ಕಳಿಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಅಪಾಯ ಅಲ್ಲಿಯೇ ಇದೆ. ಹದಿನೈದು ದಿನದಲ್ಲಿ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಆಸೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಮನೆಗೆ ಹೋದವನು ಮೊದಲಿನಷ್ಟನ್ನೇ ಚುಚ್ಚಿಕೊಂಡರೆ ಅದೇ ಕೊನೆಯದಾಗಬಹುದು. ಜೈಲಿನಿಂದ ಬಿಡುಗಡೆಯಾದ ಮೊದಲ ವಾರಗಳಲ್ಲೂ ಇದೇ ಕಾರಣಕ್ಕೆ ಸಾವುಗಳು ಹೆಚ್ಚು. ಹೀಗೆ ಉಸಿರು ನಿಂತವರನ್ನು ನಿಮಿಷಗಳಲ್ಲಿ ಎಬ್ಬಿಸಬಲ್ಲ ನಲಾಕ್ಸೋನ್ ಎಂಬ ಔಷಧಿ ಇದೆ. ಆಂಬುಲೆನ್ಸಿನವರ ಬಳಿಯಷ್ಟೇ ಅಲ್ಲದೆ ಬಳಕೆದಾರರ ಮನೆಯವರ ಕೈಯಲ್ಲೂ ಅದು ಇರುವಂತಾಗಬೇಕೆಂಬುದು ನನ್ನ ಬಹುಕಾಲದ ಒತ್ತಾಯ.

ಸೂಜಿಯ ವಿಷಯ. ಮಣಿಪುರದಲ್ಲಿ 1990ರ ಆಸುಪಾಸಿನಲ್ಲಿ ಒಂದೇ ಸೂಜಿಯನ್ನು ಹಂಚಿಕೊಳ್ಳುತ್ತಿದ್ದ ಯುವಕರಲ್ಲಿ ಎಚ್‌ಐವಿ ಕಾಡುಗಿಚ್ಚಿನಂತೆ ಹಬ್ಬಿ, ಅವರ ಹೆಂಡಂದಿರನ್ನೂ ಹುಟ್ಟಿದ ಮಕ್ಕಳನ್ನೂ ಮುಟ್ಟಿತು. ಆ ರಾಜ್ಯ ಉಳಿದವರಿಗಿಂತ ಮೊದಲೇ ಶುದ್ಧ ಸೂಜಿ ಕೊಡುವ ದಾರಿಗೆ ಬಂದದ್ದು ಆ ಹೆಣಗಳನ್ನು ಹೊತ್ತ ಮೇಲೆಯೇ. ಸೂಜಿ ಕೊಡುವವರು ಚುಚ್ಚಿಕೋ ಎಂದು ಹೇಳುತ್ತಿಲ್ಲ. ಹೇಗಿದ್ದರೂ ಚುಚ್ಚಿಕೊಳ್ಳುವವನು ಚಿಕಿತ್ಸೆಗೆ ಮನಸ್ಸು ಮಾಡುವ ದಿನದವರೆಗೆ ಬದುಕಿರಲಿ ಎನ್ನುತ್ತಿದ್ದಾರೆ. ನಮ್ಮ ದೇಶದಲ್ಲಿ ಹೀಗೆ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಮಂದಿ ಇದ್ದಾರೆಂದು ಅದೇ 2019ರ ವರದಿ ಅಂದಾಜಿಸಿದೆ.

ಪೋರ್ಚುಗಲ್ ದೇಶದಂತೆ ನಾವೂ ಎಲ್ಲವನ್ನೂ ಕಾನೂನುಬದ್ಧ ಮಾಡಿಬಿಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ? (ಕಾನೂನು ವಿದ್ಯಾರ್ಥಿನಿ, ಮಂಗಳೂರು)

ಪೋರ್ಚುಗಲ್ ಯಾವುದನ್ನೂ ಕಾನೂನುಬದ್ಧ ಮಾಡಿಲ್ಲ. ಕಾನೂನು ಓದುತ್ತಿರುವ ನಿಮಗೆ ಈ ವ್ಯತ್ಯಾಸ ಮುಖ್ಯವಾಗಬೇಕು. ಅಲ್ಲಿ 1990ರ ದಶಕದ ಕೊನೆಗೆ ಜನಸಂಖ್ಯೆಯ ಸುಮಾರು ಶೇ 1ರಷ್ಟು ಮಂದಿ ಹೆರಾಯಿನ್‌ಗೆ ಸಿಲುಕಿದ್ದರು. ವಿಜ್ಞಾನಿಗಳು, ವೈದ್ಯರು ಇದ್ದ ಸಮಿತಿಯೊಂದು 1998ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1999ರಲ್ಲಿ ರಾಷ್ಟ್ರೀಯ ಕಾರ್ಯನೀತಿ ಬಂತು. 2001ರ ಜುಲೈ 1ರಿಂದ, ಹತ್ತು ದಿನದ ಬಳಕೆಗೆ ಮೀರದಷ್ಟು ಮಾದಕ ವಸ್ತುವನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧವಾಗಿ ಉಳಿಯದೆ ಆಡಳಿತಾತ್ಮಕ ತಪ್ಪಾಯಿತು. ಮಾರುವವನಿಗೆ ಇಂದಿಗೂ ಜೈಲು. ಸಿಕ್ಕಿಬಿದ್ದ ಬಳಕೆದಾರನು ಮೂವರು ಸದಸ್ಯರ ಆಯೋಗವೊಂದರ ಮುಂದೆ ಹೋಗುತ್ತಾನೆ. ಅವರು ಅವನ ಸ್ಥಿತಿಯನ್ನು ನೋಡಿ ಎಚ್ಚರಿಕೆ ಕೊಡುತ್ತಾರೆ, ದಂಡ ಹಾಕುತ್ತಾರೆ ಅಥವಾ ಚಿಕಿತ್ಸೆಗೆ ಕಳಿಸುತ್ತಾರೆ. ಇದರ ಜೊತೆಜೊತೆಯಲ್ಲೇ ಚಿಕಿತ್ಸಾ ಕೇಂದ್ರಗಳು, ಬದಲಿ ಔಷಧಿ, ಶುದ್ಧ ಸೂಜಿ, ಉದ್ಯೋಗದ ನೆರವು ಎಲ್ಲಕ್ಕೂ ಹಣ ಹರಿಯಿತು. ಬಳಕೆದಾರರಲ್ಲಿ ವರ್ಷಕ್ಕೆ ಸಾವಿರಕ್ಕೂ ಮೀರಿದ್ದ ಹೊಸ ಎಚ್‌ಐವಿ ಪ್ರಕರಣಗಳು ಹದಿನೈದು ವರ್ಷಗಳಲ್ಲಿ ನೂರರೊಳಗೆ ಇಳಿದವು.

ಈಗ ಅಮೆರಿಕದ ಆರೆಗಾನ್ ರಾಜ್ಯವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ 2020ರಲ್ಲಿ ಮತದಾರರೇ ಒಪ್ಪಿದ ಕಾನೂನೊಂದು 2021ರ ಫೆಬ್ರುವರಿಯಲ್ಲಿ ಜಾರಿಯಾಗಿ, ಜೈಲಿನ ಬದಲು 100 ಡಾಲರ್ ದಂಡದ ಚೀಟಿ ಬಂತು. ಸಹಾಯವಾಣಿಗೆ ಕರೆ ಮಾಡಿದರೆ ಆ ದಂಡವೂ ಮಾಫಿ. ಕರೆ ಮಾಡಿದವರು ಬೆರಳೆಣಿಕೆಯಷ್ಟು. ಚಿಕಿತ್ಸೆಗೆಂದು ಮೀಸಲಿಟ್ಟ ಹಣ ಸಂಸ್ಥೆಗಳನ್ನು ತಲುಪುವುದು ತಡವಾಯಿತು, ಅಷ್ಟರಲ್ಲಿ ಫೆಂಟನಿಲ್ ಎಂಬ ಮಾರಕ ವಸ್ತು ಬೀದಿಗಳನ್ನು ತುಂಬಿತು. ಜನರ ಸಹನೆ ಮುಗಿದು, 2024ರ ಸೆಪ್ಟೆಂಬರಿನಿಂದ ಮತ್ತೆ ಶಿಕ್ಷೆಯ ಕಾನೂನೇ ಬಂತು. ಶಿಕ್ಷೆಯನ್ನು ತೆಗೆಯುವುದು ಒಂದು ಸಹಿಯ ಕೆಲಸ. ಚಿಕಿತ್ಸೆಯನ್ನು ಕಟ್ಟಲು ವರ್ಷಗಳು ಬೇಕು. ನಮ್ಮಲ್ಲಿ ಸೇವನೆಯನ್ನು ಅಪರಾಧವೆನ್ನುವ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 27 ಹೋಗಬೇಕೆಂಬ ಪಕ್ಷದಲ್ಲೇ ನಾನಿದ್ದೇನೆ, ಏಕೆಂದರೆ ಕೇಸಿನ ಭಯದಿಂದ ಆಸ್ಪತ್ರೆಗೆ ಬಾರದವರನ್ನು ಹತ್ತಿರದಿಂದ ಕಂಡಿದ್ದೇನೆ. ಆದರೆ ತಾಲ್ಲೂಕು ಮಟ್ಟದಲ್ಲಿ ಚಿಕಿತ್ಸೆ ಸಿದ್ಧವಾಗುವ ಮುನ್ನ ಅದು ಬಂದರೆ ಆರೆಗಾನಿನ ಕಥೆ ಇಲ್ಲೂ ನಡೆದೀತು.

ನಮ್ಮ ಕಾಲೇಜಿನಲ್ಲಿ ಪ್ರತಿವರ್ಷ ಜಾಗೃತಿ ಭಾಷಣ, ಜಾಥಾ, ಭಿತ್ತಿಚಿತ್ರ ಸ್ಪರ್ಧೆ ಮಾಡುತ್ತೇವೆ. ಫಲ ಕಾಣುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? (ಪಿಯು ಉಪನ್ಯಾಸಕರು, ದಾವಣಗೆರೆ)

ನಿಮ್ಮ ಶ್ರಮದಲ್ಲಿ ತಪ್ಪಿಲ್ಲ, ದಾರಿಯಲ್ಲಿದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1983ರಲ್ಲಿ ಶುರುವಾದ, ಪೊಲೀಸರೇ ತರಗತಿಗೆ ಬಂದು ಪಾಠ ಮಾಡುವ ಡೇರ್ ಎಂಬ ಕಾರ್ಯಕ್ರಮವನ್ನು ಅಲ್ಲಿನ ಸಂಶೋಧಕರು ಮತ್ತೆ ಮತ್ತೆ ಪರೀಕ್ಷಿಸಿದಾಗ, ಅದನ್ನು ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆದರಿಸುವ ಚಿತ್ರಗಳನ್ನು ಹದಿಹರೆಯದವರು ನಂಬುವುದಿಲ್ಲ. ಗೆಳೆಯನೊಬ್ಬ ಸೇದಿಯೂ ಚೆನ್ನಾಗಿರುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಯಾವ ವಸ್ತು ಹೇಗಿರುತ್ತದೆ, ಹೇಗೆ ಸೇವಿಸುತ್ತಾರೆ ಎಂದು ವೇದಿಕೆಯಲ್ಲಿ ತೋರಿಸುವುದಂತೂ ಕುತೂಹಲಕ್ಕೆ ನೀರೆರೆದಂತೆ. ಅದನ್ನು ದಯವಿಟ್ಟು ಇಂದೇ ನಿಲ್ಲಿಸಿ.

ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16ರ ವಯಸ್ಸಿನ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿದಿತ್ತು. ಅವರು ಭಾಷಣ ಹೆಚ್ಚಿಸಲಿಲ್ಲ. ನಿಯತವಾಗಿ ಮಕ್ಕಳನ್ನೇ ಕೇಳಿ ಸಮೀಕ್ಷೆ ಮಾಡಿದರು, ಸಂಜೆಯ ಹೊತ್ತು ಆಟಕ್ಕೆ, ಸಂಗೀತಕ್ಕೆ, ನೃತ್ಯಕ್ಕೆ ಸರ್ಕಾರದ ಹಣ ಕೊಟ್ಟರು, ತಂದೆತಾಯಿಯರು ಮಕ್ಕಳ ಜೊತೆ ಕಳೆಯುವ ಹೊತ್ತನ್ನು ಹೆಚ್ಚಿಸಲು ಊರೂರಿನಲ್ಲಿ ಪೋಷಕರ ಗುಂಪು ಕಟ್ಟಿದರು. ಅದು ಸಣ್ಣ, ಶ್ರೀಮಂತ ದೇಶ. ಅಲ್ಲಿನದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೆ ನಿಮ್ಮ ಕಾಲೇಜಿನ ಮೈದಾನ ಸಂಜೆ ಏಳರವರೆಗೆ ತೆರೆದಿದೆಯೇ? ವಾರದಲ್ಲಿ ಮೂರು ದಿನ ತರಗತಿ ತಪ್ಪಿಸುವ ಹುಡುಗನನ್ನು ಪಕ್ಕಕ್ಕೆ ಕರೆದು, ಊಟ ಆಯಿತೇ ಎಂದು ಕೇಳುವ ಒಬ್ಬ ಉಪನ್ಯಾಸಕರು ಇದ್ದಾರೆಯೇ? ಸಿಕ್ಕಿಬಿದ್ದ ವಿದ್ಯಾರ್ಥಿಗೆ ಟಿಸಿ ಕೊಟ್ಟು ಕಳಿಸುವುದು ನಿಮ್ಮ ಕಾಲೇಜಿನ ಪದ್ಧತಿಯಾಗಿದ್ದರೆ, ಅವನನ್ನು ಉಳಿಸಬಹುದಾಗಿದ್ದ ಕೊನೆಯ ಹಗ್ಗವನ್ನು ನೀವೇ ಕತ್ತರಿಸಿದಂತಾಗುತ್ತದೆ. ಈ ಒಂದು ಪದ್ಧತಿಯನ್ನು ಬದಲಿಸಲು ಆಡಳಿತ ಮಂಡಳಿಯ ಮುಂದೆ ನೀವು ವಾದಿಸಿದರೆ ಹತ್ತು ಜಾಥಾಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಔಷಧಿ ಅಂಗಡಿ ನಡೆಸುತ್ತೇನೆ. ಹುಡುಗರು ನೋವಿನ ಮಾತ್ರೆ, ನಿದ್ದೆ ಮಾತ್ರೆ ಕೇಳಿಕೊಂಡು ಬರುತ್ತಾರೆ. ಕೊಡದಿದ್ದರೆ ಗಲಾಟೆ, ಕೊಟ್ಟರೆ ಪಾಪ. ನಮ್ಮ ಪಾತ್ರವೇನು? (ಹುಬ್ಬಳ್ಳಿ)

ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್1ರ ಔಷಧಿಗಳಿಗೆ ವೈದ್ಯರ ಚೀಟಿ ಕಡ್ಡಾಯ. ರೋಗಿಯ ಮತ್ತು ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕೆಂಬುದು ನಿಮಗೆ ಗೊತ್ತೇ ಇದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆ 2018ರಲ್ಲಿ ಎನ್‌ಡಿಪಿಎಸ್ ಅಡಿಗೆ ಬಂದ ಮೇಲೆ ಕೇಳುವವರು ಅದೇ ಗುಂಪಿನ ಬೇರೆ ಮಾತ್ರೆಗಳತ್ತ ತಿರುಗಿದರು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಬರುವ ಈ ಆಟ ಬರಿಯ ಪಟ್ಟಿ ಬೆಳೆಸುವುದರಿಂದ ನಿಲ್ಲುವುದಿಲ್ಲ. ಗಲಾಟೆ ಮಾಡುವವನಿಗೆ ಇಲ್ಲ ಎನ್ನುವಾಗಲೇ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆಯನ್ನು ಬರೆದ ಚೀಟಿಯೊಂದನ್ನು ಕೈಗಿಡಿ. ಹತ್ತರಲ್ಲಿ ಒಬ್ಬ ಅದನ್ನು ಜೇಬಿನಲ್ಲಿ ಇಟ್ಟುಕೊಂಡರೂ ಸಾಕು.

ಇನ್ನೊಂದು ಮಾತನ್ನು ನಿಮ್ಮಂಥವರಿಗೇ ಹೇಳಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ನಮ್ಮ ದೇಶದಲ್ಲೇ, 1985ರ ಕಾಯ್ದೆಯ ಪರವಾನಗಿಗಳ ತೊಡಕಿನಿಂದಾಗಿ ಕ್ಯಾನ್ಸರ್ ರೋಗಿಗಳು ಅಫೀಮಿನಿಂದಲೇ ತಯಾರಾಗುವ ನೋವಿನ ಔಷಧಿಯಾದ ಮಾರ್ಫಿನ್ ಸಿಗದೆ ನರಳಿ ಸತ್ತರು. ಅದನ್ನು ಸಡಿಲಿಸಲು 2014ರ ತಿದ್ದುಪಡಿ ಬೇಕಾಯಿತು. ಹಾಗಾಗಿ ನಿಜವಾದ ಚೀಟಿ ಹಿಡಿದು ಬರುವ ನೋವಿನ ರೋಗಿಯನ್ನು ಅನುಮಾನದಿಂದ ವಾಪಸು ಕಳಿಸಬೇಡಿ.

ಕುಡಿತ ಬಿಡಿಸಲೆಂದು ನನ್ನ ತಮ್ಮನನ್ನು ಖಾಸಗಿ ಕೇಂದ್ರವೊಂದಕ್ಕೆ ಸೇರಿಸಿದ್ದೇವೆ. ಮೂರು ತಿಂಗಳು ಭೇಟಿಗೆ ಬರಬಾರದು ಎಂದರು. ಮೊನ್ನೆ ಹೇಗೋ ಒಳಗೆ ಹೋದಾಗ ಅವನ ಕಾಲಿಗೆ ಸರಪಳಿ ಇತ್ತು. (ರೈತರು, ಗದಗ ಜಿಲ್ಲೆ)

ಈ ಪತ್ರ ತಲುಪಿದ ದಿನವೇ ನಿಮಗೆ ಅಂಚೆಯಲ್ಲಿ ಉತ್ತರ ಬರೆದಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಹೇಳುತ್ತೇನೆ. ಮದ್ಯ ಮತ್ತು ಮಾದಕ ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಇಂಥ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ಸರಪಳಿ ಹಾಕುವುದನ್ನು ಅದೇ ಕಾಯ್ದೆಯ ಸೆಕ್ಷನ್ 95 ಯಾವುದೇ ರೂಪದಲ್ಲಿಯೂ ನಿಷೇಧಿಸುತ್ತದೆ. ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಬಿಳಿ ಹಾಳೆಯಲ್ಲಿ ಬರೆದು ದೂರು ಕೊಡಿ. ಸೇರಿಸಿದವರು ನೀವೇ ಆದ್ದರಿಂದ ತಮ್ಮನನ್ನು ಮನೆಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಹಣ ಕಟ್ಟಿದ್ದೇವಲ್ಲ ಎಂಬ ಸಂಕೋಚ ಬೇಡ.

ಕರೆತಂದ ಮೇಲೆ ನೇರವಾಗಿ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೋ ಹೋಗಿ. ನಿಮ್ಮ ತಮ್ಮ ಮತ್ತೆ ಕುಡಿದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ದಿಕ್ಕುದೆಸೆ ತಿಳಿಯದಷ್ಟು ಗೊಂದಲ ಬರಬಹುದು. ಅದು ಜೀವಕ್ಕೆ ಅಪಾಯ, ಮನೆಯಲ್ಲಿ ನಿಭಾಯಿಸುವಂಥದಲ್ಲ. ರಾತ್ರಿ ವೇಳೆ ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಆಸ್ಪತ್ರೆಗೆ ಬರುವಾಗ ಆ ಕೇಂದ್ರದವರು ಇಷ್ಟು ದಿನ ಕೊಟ್ಟ ಮಾತ್ರೆಗಳ ಪಟ್ಟಿಯನ್ನು, ಪಟ್ಟಿ ಕೊಡದಿದ್ದರೆ ಖಾಲಿ ಹಾಳೆಗಳನ್ನಾದರೂ, ತರಲು ಮರೆಯಬೇಡಿ.